ತ್ರೀಡಿ ಎಲಿವೇಷನ್ ಬಂತು, ಸ್ಲೀವ್ ಎಲ್ಲಿ?

ಮಾನ್ಯ ಸಂಪಾದಕರೇ,

2023ರಲ್ಲಿ ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 1,021 ಚದರಡಿಯ ಅಂಚೆ ಕಚೇರಿಯನ್ನು ತ್ರೀಡಿ ಪ್ರಿಂಟರ್ ಬಳಸಿ 43 ದಿನಗಳಲ್ಲಿ ಕಟ್ಟಿದರು. ಒಳ್ಳೆಯ ಕೆಲಸವೇ. ಆದರೆ 30x40 ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಸದ್ಯಕ್ಕೆ ಬೇಕಿರುವುದು ಆ ಯಂತ್ರವಲ್ಲ. ಪಿಲ್ಲರ್, ಬೀಮ್, ಪೈಪು, ಮೆಟ್ಟಿಲು ಎಲ್ಲವನ್ನೂ ಒಂದೇ ತ್ರೀಡಿ ಮಾಡೆಲ್‌ನಲ್ಲಿ ಕೂಡಿಸಿ ನೋಡುವ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್; ನಮ್ಮ ಬೀಮ್ ಅಲ್ಲ!) ಬೇಕು. ಮಾಲೀಕರ ಕೈಗೆ ಸಿಗುವುದು ಮಾತ್ರ ಬಣ್ಣಬಣ್ಣದ ಎಲಿವೇಷನ್ (ಮನೆಯ ಹೊರನೋಟ) ಚಿತ್ರ. ಅದರೊಳಗೆ ಒಂದು ಕಂಬಿಯೂ ಇರುವುದಿಲ್ಲ.

ಬಾತ್‌ರೂಮನ್ನೇ ನೋಡಿ. ಸ್ಲ್ಯಾಬನ್ನು 300 ಮಿ.ಮೀ. ತಗ್ಗಿಸಿರುತ್ತಾರೆ, ಸುತ್ತ 450 ಮಿ.ಮೀ. ಆಳದ ಬೀಮ್. 110 ಮಿ.ಮೀ. ಪೈಪು 1:60 ಇಳಿಜಾರಿನಲ್ಲಿ 3.6 ಮೀಟರ್ ಸಾಗಿದರೆ 60 ಮಿ.ಮೀ. ಇಳಿಯುತ್ತದೆ. ತಗ್ಗಿನೊಳಗೆ ಜಾಗವೇನೋ ಸಾಕು, ಆದರೆ ಡಕ್ಟ್ (ಪೈಪುಗಳು ಕೆಳಗಿಳಿಯುವ ಕಿಂಡಿ) ತಲುಪಲು ಅದು ಬೀಮ್ ದಾಟಲೇಬೇಕು. ಮೋಲ್ಡ್ ಹಾಕುವ ಮುನ್ನ ಸ್ಲೀವ್ (ಬೀಮಿನಲ್ಲಿ ಪೈಪಿಗೆ ದಾರಿ ಬಿಡುವ ತುಂಡು ಕೊಳವೆ) ಇಡದಿದ್ದರೆ ಪ್ಲಂಬರ್ ಆಮೇಲೆ ಕಾಂಕ್ರೀಟ್ ಕೊರೆಯುವ ಕೋರ್ ಕಟಿಂಗ್ ಯಂತ್ರ ತರುತ್ತಾನೆ. ಬೀಮಿನ ಕಂಬಿಗಳನ್ನು ಸುತ್ತಿ ಹಿಡಿದ ರಿಂಗು ತುಂಡಾಗುತ್ತದೆ, ಕೆಲವೊಮ್ಮೆ ಮುಖ್ಯ ಕಂಬಿಯೂ. ಸ್ಲೀವ್ ಬೀಮಿನ ಆಳದ ನಡುಭಾಗದಲ್ಲಿರಬೇಕು, ಅಗಲ ಆಳದ ಮೂರನೇ ಒಂದು ಭಾಗ ಮೀರಬಾರದು, ಪಿಲ್ಲರ್‌ನಿಂದ ಕನಿಷ್ಠ ಬೀಮಿನ ಆಳದಷ್ಟಾದರೂ ದೂರವಿರಬೇಕು. ಎರಡೂ ಬದಿಗೆ ಹೆಚ್ಚುವರಿ ರಿಂಗು ಕಟ್ಟಿಸಿ.

ಕಂಬಿಯ ದಟ್ಟಣೆಯೂ ಮಾಡೆಲ್‌ನಲ್ಲೇ ಕಾಣುತ್ತದೆ. 230 ಮಿ.ಮೀ. ಅಗಲದ ಬೀಮಿನಲ್ಲಿ ಎರಡೂ ಬದಿಯ 25 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ), 8 ಮಿ.ಮೀ. ರಿಂಗು ಕಳೆದರೆ ಉಳಿಯುವುದು 164. ಅದರಲ್ಲಿ 16 ಮಿ.ಮೀ.ನ ನಾಲ್ಕು ಕಂಬಿ ಕೂತರೆ ನಡುವೆ 33 ಮಿ.ಮೀ. ಸಂದು, 20 ಮಿ.ಮೀ. ಜಲ್ಲಿಗೆ ಸಾಕು. ನಾಲ್ಕಕ್ಕೂ ಒಂದೇ ಕಡೆ ಅಕ್ಕಪಕ್ಕ ಲ್ಯಾಪ್ (ಕಂಬಿಗೆ ಕಂಬಿ ಜೋಡಿಸಿ ಉದ್ದ ಮುಂದುವರಿಸುವುದು) ಕೊಟ್ಟರೆ ಜೋಡಿಗಳ ನಡುವಿನ ಸಂದು 12 ಮಿ.ಮೀ.! ಜಲ್ಲಿ ಮೇಲೆಯೇ ನಿಂತು, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂಥ ಟೊಳ್ಳು ಕಾಣುತ್ತದೆ. ಮೇಸ್ತ್ರಿ ಅದಕ್ಕೆ ಸಿಮೆಂಟ್ ಮೆತ್ತಿ ಮುಚ್ಚುತ್ತಾನೆ.

ಮಾಡೆಲ್ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದಲ್ಲ. ಆರ್ಕಿಟೆಕ್ಟ್ ಟೈಲ್ಸ್ ಮೇಲ್ಮಟ್ಟದಿಂದ ಅಳೆದು, ಸ್ಟ್ರಕ್ಚರಲ್ ಎಂಜಿನಿಯರ್ ಸ್ಲ್ಯಾಬ್ ಮಟ್ಟದಿಂದ ಅಳೆದರೆ 50–75 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಸ್ಲೀವ್‌ಗಳೆಲ್ಲ ಅಷ್ಟೇ ಜರುಗುತ್ತವೆ, ಮೆಟ್ಟಿಲ ಕೆಳಗಿನ 2.2 ಮೀಟರ್ ತಲೆಯೆತ್ತರವೂ ತಪ್ಪುತ್ತದೆ. ಅಳತೆ ಶುರುವಾಗುವ ಮೂಲಬಿಂದು ಬೇರೆಬೇರೆ ಇದ್ದರಂತೂ ಐಎಫ್‌ಸಿ ಫೈಲ್ (ತಂತ್ರಾಂಶಗಳ ನಡುವೆ ಮಾಡೆಲ್ ಹಂಚಿಕೊಳ್ಳುವ ಕಡತ) ತೆರೆದಾಗ ಪೈಪು ಒಂದು ಕಡೆ, ಮನೆ ಇನ್ನೊಂದು ಕಡೆ. ಇವೆರಡನ್ನೂ ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ಯಾವುದು ಯಾವುದಕ್ಕೆ ತಾಗುತ್ತದೆಂದು ತಂತ್ರಾಂಶದಲ್ಲಿ ತಾಕಲಾಟ ಹುಡುಕುವಾಗ ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಗೋಡೆಯೊಳಗಿನ ವೈರ್ ಪೈಪೂ ತಪ್ಪೆಂದೇ ಬರುತ್ತದೆ, ಪಟ್ಟಿ ಓದುವವರೇ ಇರುವುದಿಲ್ಲ. ಮೊದಲು ಬೀಮ್–ಪೈಪು, ಆಮೇಲೆ ಬೀಮ್–ಮೆಟ್ಟಿಲು ನೋಡಿದರೆ ಸಾಕು.

ನಕ್ಷೆ ಮಂಜೂರಾತಿಯ ತಂತ್ರಾಂಶ ಇದನ್ನೆಲ್ಲ ನೋಡುವುದಿಲ್ಲ; ಅದರ ಲೆಕ್ಕ ಸೆಟ್‌ಬ್ಯಾಕ್ (ಸುತ್ತ ಬಿಡುವ ಜಾಗ), ಎಫ್‌ಎಆರ್ (ಸೈಟಿನ ವಿಸ್ತೀರ್ಣಕ್ಕೆ ಕಟ್ಟಡದ ಒಟ್ಟು ನೆಲದ ಅನುಪಾತ), ಎತ್ತರ ಇಂಥವು. ಹಾಗಾಗಿ ಮಾಲೀಕರೇ ಕೇಳಬೇಕು. ಬಾರ್ ಬೆಂಡರ್ ಮಾಡೆಲ್ ತೆರೆದು ನೋಡುವುದಿಲ್ಲ, ಅವನಿಗೆ ಬೇಕಿರುವುದು ಕಾಗದ. ಪ್ರತಿ ಅಂತಸ್ತಿಗೂ ಒಂದು ಹಾಳೆ: ಸ್ಲೀವ್ ಅಳತೆ, ಪಿಲ್ಲರ್ ಮುಖದಿಂದ ದೂರ, ಬೀಮಿನ ತಳದಿಂದ ಎತ್ತರ. ಆ ಹಾಳೆ ಸೈಟಿಗೆ ಬರುವವರೆಗೆ ಕಾಂಕ್ರೀಟ್ ದಿನ ಗೊತ್ತುಮಾಡಬೇಡಿ.

– ಸ್ಟ್ರಕ್ಚರಲ್ ಎಂಜಿನಿಯರ್, ಬೆಂಗಳೂರು