ಕೆಪ್ಲರ್ ಕೊಲೆ ಮಾಡಲಿಲ್ಲ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಖಗೋಳ ವಿಜ್ಞಾನಿಗಳ ಬರಹ ಓದಿದೆ. ಯೋಹಾನ್ನೆಸ್ ಕೆಪ್ಲರ್ ತನಗೆ ಕೆಲಸ ಕೊಟ್ಟ ಟೈಕೋ ಬ್ರಾಹೆಗೆ ಪಾದರಸ ಕುಡಿಸಿ ಕೊಂದ, ಆಮೇಲೆ ಅವನು ಆಕಾಶ ನೋಡಿ ಬರೆದಿಟ್ಟ ಅಳತೆಗಳ ದಾಖಲೆಗಳನ್ನು ಹೊಡೆದುಕೊಂಡ ಅಂತ ಅದರಲ್ಲಿತ್ತು. ಎರಡನೆಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಮೊದಲನೆಯದು ಹಳಸಿದ ಸುದ್ದಿ.

ಟೈಕೋ 1601ರ ಅಕ್ಟೋಬರ್ 24ರಂದು ಪ್ರಾಗ್‌ನಲ್ಲಿ ತೀರಿಕೊಂಡ. ಹನ್ನೊಂದು ದಿನ ಮೊದಲು ಒಂದು ಔತಣಕ್ಕೆ ಹೋಗಿದ್ದ. ಊಟದ ನಡುವೆ ಎದ್ದು ಹೋದರೆ ಮರ್ಯಾದೆಯಲ್ಲ ಅಂತ ಮೂತ್ರ ಕಟ್ಟಿಕೊಂಡು ಕೂತಿದ್ದ, ಮನೆಗೆ ಬಂದ ಮೇಲೆ ಮೂತ್ರವೇ ಸರಿಯಾಗಿ ಹೋಗಲಿಲ್ಲ. ಇದನ್ನು ಬರೆದಿಟ್ಟವನೂ ಕೆಪ್ಲರೇ. 1990ರ ದಶಕದಲ್ಲಿ ಟೈಕೋನ ಕೂದಲಲ್ಲಿ ಪಾದರಸ ಸಿಕ್ಕಿತು ಅಂದದ್ದೇ ತಡ, ಕೊಲೆಯ ಕತೆ ಎದ್ದಿತು. ಆದರೆ 2010ರಲ್ಲಿ ಡೆನ್ಮಾರ್ಕ್ ಮತ್ತು ಜೆಕ್ ಸಂಶೋಧಕರು ಪ್ರಾಗ್‌ನ ಟೀನ್ ಚರ್ಚಿನಲ್ಲಿರುವ ಅವನ ಸಮಾಧಿಯನ್ನೇ ತೆಗೆಸಿ ಪರೀಕ್ಷೆ ಮಾಡಿದರು. ಸಾಯಿಸುವಷ್ಟು ಪಾದರಸ ಇರಲಿಲ್ಲ ಅಂತ 2012ರಲ್ಲಿ ಹೇಳಿದರು. ಇದರ ಸುಳಿವೇ ನಿಮ್ಮ ಬರಹದಲ್ಲಿ ಇಲ್ಲವಲ್ಲ! (ಕತ್ತಿ ಕಾಳಗದಲ್ಲಿ ಮೂಗು ಕಳೆದುಕೊಂಡಿದ್ದ ಅವನ ಕೃತಕ ಮೂಗು ಬೆಳ್ಳಿಯದು ಅಂತಲೂ ಬರೆದಿದ್ದೀರಿ. ಹಿತ್ತಾಳೆಯದು ಅಂತ ಗೊತ್ತಾದದ್ದೂ ಇದೇ ಪರೀಕ್ಷೆಯಿಂದ.)

ಇನ್ನು ಕಳ್ಳತನದ ವಿಷಯ. ಟೈಕೋನ ವಾರಸುದಾರರು ಎಚ್ಚರದಿಂದಿರಲಿಲ್ಲ, ಆ ಸಮಯ ನೋಡಿ ದಾಖಲೆಗಳನ್ನು ನನ್ನ ವಶಕ್ಕೆ ತೆಗೆದುಕೊಂಡೆ ಅಂತ ಕೆಪ್ಲರ್ ತಾನೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಟೈಕೋನ ಅಳಿಯ ಟೆಂಗ್ನಾಗೆಲ್ ಜೊತೆ ಜಗಳ ವರ್ಷಗಟ್ಟಲೆ ನಡೆಯಿತು. ಆದರೆ ಆ ಅಂಕಿಗಳಿಂದ ಅವನು ಮಾಡಿದ್ದೇನು ಅನ್ನೋದನ್ನೂ ಬರೆಯಬೇಕಿತ್ತು, ಅಲ್ವಾ? ಚಿಕ್ಕಂದಿನ ಸಿಡುಬಿನಿಂದ ಕೆಪ್ಲರ್‌ನ ಕಣ್ಣು ಮಂದವಾಗಿತ್ತು. ಸ್ವತಃ ಆಕಾಶ ನೋಡಿ ಅಷ್ಟು ನಿಖರವಾಗಿ ಅಳೆಯುವುದು ಅವನಿಂದ ಆಗುವ ಮಾತಲ್ಲ. ಟೈಕೋ ಹ್ವೆನ್ ದ್ವೀಪದಲ್ಲಿ ಸುಮಾರು 20 ವರ್ಷ ಕೂತು, ದೂರದರ್ಶಕವೇ ಇಲ್ಲದ ಕಾಲದಲ್ಲಿ, ಮಂಗಳ ಎಲ್ಲೆಲ್ಲಿ ಕಂಡಿತು ಅಂತ ಅಳೆದಿಟ್ಟಿದ್ದ. ಕೆಪ್ಲರ್ ಅದನ್ನು ವೃತ್ತದ ಪಥಕ್ಕೆ ಕೂರಿಸಲು ಹೊರಟ. ಎಷ್ಟು ಒದ್ದಾಡಿದರೂ ಲೆಕ್ಕಕ್ಕೂ ಅಳತೆಗೂ 8 ಆರ್ಕ್ ಮಿನಿಟ್ ವ್ಯತ್ಯಾಸ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಸಾಕು ಬಿಡಿ ಅನ್ನುತ್ತಿದ್ದರು. ಟೈಕೋ ಅಷ್ಟು ತಪ್ಪುವವನಲ್ಲ ಅಂತ ಇವನು ತನ್ನ ಲೆಕ್ಕವನ್ನೇ ಎತ್ತಿ ಬಿಸಾಕಿದ. ಪಥ ದೀರ್ಘವೃತ್ತ, ಸೂರ್ಯ ಅದರ ಒಂದು ನಾಭಿಯಲ್ಲಿ, ಅಂದರೆ ನಟ್ಟನಡುವಿನಿಂದ ಪಕ್ಕಕ್ಕಿರುವ ಬಿಂದುವಿನಲ್ಲಿ, ಹತ್ತಿರ ಬಂದಾಗ ಗ್ರಹದ ವೇಗ ಜಾಸ್ತಿ. ಇದೆಲ್ಲ 1609ರಲ್ಲಿ 'ಆಸ್ಟ್ರೊನೊಮಿಯಾ ನೋವಾ' ಆಗಿ ಅಚ್ಚಾಯಿತು. ಅದರ ಮುಖಪುಟದಲ್ಲೇ ಟೈಕೋನ ಹೆಸರಿದೆ. ಗ್ರಹಗಳ ಸ್ಥಾನ ಲೆಕ್ಕ ಹಾಕಲು ಅವನು ಮಾಡಿದ 1627ರ ರುಡಾಲ್ಫೀನ್ ಕೋಷ್ಟಕದಲ್ಲೂ ಇದೆ. ಕದ್ದವನು ಯಜಮಾನನ ಹೆಸರನ್ನು ಹೀಗೆ ಅಚ್ಚು ಹಾಕಿಸುತ್ತಾನಾ?

ಇನ್ನೊಂದು ವಿಚಿತ್ರ ನೋಡಿ. ವಿಷ ಕುಡಿಸಿದ ಆರೋಪ ಆ ಮನೆಗೆ ಹೊಸದೇನಲ್ಲ. ಕೆಪ್ಲರ್‌ನ ತಾಯಿ ಕಥರೀನಾ ಕೊಟ್ಟ ಪಾನೀಯದಿಂದ ಕಾಯಿಲೆ ಬಂತು ಅಂತ ಊರಿನ ಹೆಂಗಸೊಬ್ಬಳು 1615ರಲ್ಲಿ ದೂರಿದಳು. ಮಾಟಗಾತಿ ಅಂತ ಹೆಸರಿಟ್ಟು ಎಪ್ಪತ್ತು ದಾಟಿದ ಆ ಮುದುಕಿಯನ್ನು 1620ರಲ್ಲಿ ಸೆರೆಗೆ ಹಾಕಿ 14 ತಿಂಗಳು ಇಟ್ಟರು. ಮಗ ಆಸ್ಟ್ರಿಯಾದ ಲಿಂಟ್ಸ್‌ನಿಂದ ಬಂದು ಒಂದೊಂದು ಆರೋಪಕ್ಕೂ ಉತ್ತರ ಬರೆದು 1621ರಲ್ಲಿ ಬಿಡಿಸಿದ.

ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬೇಡ.

– ನಿಮ್ಮ ಹಳೆಯ ಓದುಗ, ಶಿವಮೊಗ್ಗ