ಕೈ ನೀಡಿದವರಿಗೆ

ಮುಂದೋಳು ಮತ್ತು ಅಂಗೈ ನರಗಳನ್ನು ಬಿಡಿಸಿ ನೋಡುವ ಡಿಸೆಕ್ಷನ್ ಕೆಲಸ ಮುಗಿದಿದೆ. ನಮ್ಮ ಮೊದಲ ನಮಸ್ಕಾರ ದೇಹದಾನ ಮಾಡಿದವರಿಗೆ, ದುಃಖದ ನಡುವೆಯೂ ತಡಮಾಡದೆ ಅನಾಟಮಿ ವಿಭಾಗಕ್ಕೆ ಫೋನ್ ಮಾಡಿದ ಅವರ ಮನೆಯವರಿಗೆ. ತಡವಾದಷ್ಟೂ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ದೇಹ ಕೆಡದಂತೆ ನಾಳಗಳಿಗೆ ತುಂಬುವ ಫಾರ್ಮಲಿನ್ ಬೆರಳ ತುದಿವರೆಗೆ ಇಳಿಯುವುದಿಲ್ಲ.

ಪುಸ್ತಕದ ಚಿತ್ರದಲ್ಲಿ ಮುಂದೋಳಿನ ನಡುವೆ ಇಳಿಯುವ ಮೀಡಿಯನ್ ನರದ ದಾರಿ ಬೇರೆ, ಕಿರುಬೆರಳ ಕಡೆ ಇಳಿಯುವ ಅಲ್ನಾರ್ ನರದ ದಾರಿ ಬೇರೆ. ಕೈಯೊಳಗೆ ಅಷ್ಟು ಮಡಿವಂತಿಕೆ ಇಲ್ಲ. ಅಂಗರಚನಾ ತಜ್ಞರಾದ ಮಾರ್ಟಿನ್ 1763ರಲ್ಲಿ, ಗ್ರೂಬರ್ 1870ರಲ್ಲಿ ವಿವರಿಸಿದ ನರದ ಎಳೆ ಮುಂದೋಳಿನಲ್ಲಿ ಮೀಡಿಯನ್‌ನಿಂದ ಅಲ್ನಾರ್‌ಗೆ ದಾಟುತ್ತದೆ. ಬೆರಳು ಮಡಚುವ ಮೇಲ್ಪದರದ ಸ್ನಾಯುವಿನ ಅಡಿಯಲ್ಲಿ, ಅನೇಕ ಸಲ ಅಲ್ನಾರ್ ರಕ್ತನಾಳದ ಪಕ್ಕದಲ್ಲೇ ಇರುತ್ತದೆ. ಆ ಸ್ನಾಯುವನ್ನು ಒಮ್ಮೆಲೇ ಎಳೆದೆತ್ತಿದರೆ ಎಳೆ ಕಿತ್ತುಹೋಗಿ, ದಾಖಲೆಯಲ್ಲಿ ‘ಇಲ್ಲ’ ಎಂದಾಗುತ್ತದೆ. ಬ್ಲೇಡ್ ಕೆಳಗಿಟ್ಟು, ಫೋರ್ಸೆಪ್ಸ್ ತುದಿಯಿಂದ ಕೊಬ್ಬು ಬಿಡಿಸುವ ತಾಳ್ಮೆ ತೋರಿದ ವಿದ್ಯಾರ್ಥಿಗಳಿಗೆ ವಂದನೆ.

ನರದಲ್ಲಿ ಸಂಕೇತ ಹೇಗೆ ಸಾಗುತ್ತದೆಂದು ವಿದ್ಯುತ್‌ನಿಂದ ಪರೀಕ್ಷಿಸುವ ನರ್ವ್ ಕಂಡಕ್ಷನ್ ಟೆಕ್ನಿಷಿಯನ್ನರ ಋಣ ದೊಡ್ಡದು. ಈ ಎಳೆ ಇದ್ದವರಲ್ಲಿ ಅಲ್ನಾರ್ ನರವನ್ನು ಮಣಿಕಟ್ಟಿನಲ್ಲಿ ಪ್ರಚೋದಿಸಿದರೆ ಅಂಗೈಯ ಸ್ನಾಯುವಿನಲ್ಲಿ ದಾಖಲಾಗುವ ಅಲೆ ಎತ್ತರ, ಮೊಣಕೈ ಬಳಿ ಪ್ರಚೋದಿಸಿದರೆ ಗಿಡ್ಡ. ನಡುವೆ ನರ ಕೆಟ್ಟಿದೆ ಎಂದು ವರದಿ ಬರೆಯುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಎಲೆಕ್ಟ್ರೋಡ್ ಅದೇ ಸ್ನಾಯುವಿನ ಮೇಲಿಟ್ಟು ಮೀಡಿಯನ್ ನರವನ್ನು ಪ್ರಚೋದಿಸಿ ನೋಡಿದರು: ಮೊಣಕೈಯಲ್ಲಿ ಅಲೆ ಬಂದು, ಮಣಿಕಟ್ಟಿನಲ್ಲಿ ಬಾರದಿದ್ದರೆ ಅದು ದಾಟುವ ಎಳೆಯ ಗುರುತು.

ಅಂಗೈಯ ಪಾಠ ಹೇಳಿದ ಶಸ್ತ್ರಚಿಕಿತ್ಸಕರಿಗೂ ಧನ್ಯವಾದ. ಹೆಬ್ಬೆರಳ ಬುಡದ ಸ್ನಾಯುಗಳಿಗೆ ಹೋಗುವ ಮೀಡಿಯನ್ ಶಾಖೆ ಕೆಲವರಲ್ಲಿ, ಈ ನರ ಹಾಯುವ ಮಣಿಕಟ್ಟಿನ ಸುರಂಗವಾದ ಕಾರ್ಪಲ್ ಟನೆಲ್‌ನ ಛಾವಣಿಯಾದ ಗಟ್ಟಿ ಪಟ್ಟಿಯನ್ನೇ (ಲಿಗಮೆಂಟ್) ತೂರಿ ಹೊರಬರುತ್ತದೆ. ಕಣ್ಣಿಗೆ ಕಾಣದೆ ಕತ್ತರಿಸಿದರೆ ಹೆಬ್ಬೆರಳು ಉಳಿದ ಬೆರಳಿಗೆ ಎದುರಾಗುವ ಶಕ್ತಿ ಕುಂದುತ್ತದೆ. ನರದ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಲಿಗಮೆಂಟನ್ನು ಕಿರುಬೆರಳ ಕಡೆಗೆ ಸರಿದು, ಉಂಗುರ ಬೆರಳಿನ ನೇರಕ್ಕೆ ಬಿಡಿಸುವುದು ಅದಕ್ಕೇ. ಇನ್ನು ಅಂಗೈ ಆಳದಲ್ಲಿ ಅಲ್ನಾರ್ ಮತ್ತು ಮೀಡಿಯನ್ ನರಗಳ ಸ್ನಾಯುಶಾಖೆಗಳನ್ನು ಬೆಸೆಯುವ ರಿಶ್-ಕ್ಯಾನ್ಯೂ ಕೊಂಡಿ ಇದ್ದವರಲ್ಲಿ, ಮಣಿಕಟ್ಟಿನಲ್ಲಿ ಮೀಡಿಯನ್ ಪೂರ್ತಿ ತುಂಡಾದರೂ ಹೆಬ್ಬೆರಳ ಬುಡದ ಸ್ನಾಯು ಕೆಲಸ ಮಾಡಬಹುದು; ಸ್ಪರ್ಶವನ್ನೂ ಪರೀಕ್ಷಿಸದಿದ್ದರೆ ಗಾಯದ ಆಳ ತಪ್ಪಿಹೋಗುತ್ತದೆ. ಅಂಗೈಯಲ್ಲಿ ಅಲ್ನಾರ್ ಮತ್ತು ಮೀಡಿಯನ್ ನರಗಳ ಸ್ಪರ್ಶಶಾಖೆಗಳನ್ನು ಬೆಸೆಯುವ ಬೆರೆಟಿನಿ ಕೊಂಡಿಯಂತೂ ಎಷ್ಟು ಸಾಮಾನ್ಯವೆಂದರೆ, ಅದನ್ನು ‘ವ್ಯತ್ಯಾಸ’ ಎನ್ನಲು ನಮಗೆ ಮನಸ್ಸಿಲ್ಲ.

ಕೊನೆಗೆ, ಡಿಸೆಕ್ಷನ್ ಹಾಲ್‌ನ ಅಟೆಂಡರ್‌ಗಳಿಗೆ. ಪ್ರತಿ ಸಂಜೆ ಒದ್ದೆ ಬಟ್ಟೆ ಹೊದಿಸಿದವರು ಅವರು. ಒಂದು ರಾತ್ರಿ ಮರೆತಿದ್ದರೂ ಈ ಸಣ್ಣ ಎಳೆಗಳು ಒಣಗಿ, ಪಕ್ಕದ ಪೊರೆಗೆ ಅಂಟಿ ಗುರುತು ಸಿಗುತ್ತಿರಲಿಲ್ಲ.