ಮಲೆನಾಡಿನ ಚಿತ್ರಗಳನ್ನು ಇಲ್ಲಿಯೂ ತೋರಿಸಿ

ಮಾನ್ಯರೇ,

ಕಾಲೇಜು ವಿದ್ಯಾರ್ಥಿಗಳು ರೀಲ್ಸ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ನಾನೂ ರೀಲ್ಸ್ ನೋಡುವವಳೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಷ್ಟೇ ನೆಟ್‌ವರ್ಕ್ ಸಿಗುವುದರಿಂದ, ಶಿವಮೊಗ್ಗದ ಬಸ್ ನಿಲ್ದಾಣದಲ್ಲೇ ಕೊರಿಯನ್ ಧಾರಾವಾಹಿಯ ಕಂತುಗಳನ್ನು ಮೊಬೈಲಿಗೆ ಇಳಿಸಿಕೊಂಡು ಬಸ್ ಹತ್ತುತ್ತೇನೆ. ಮನೆಗೆ ಬಂದರೆ, ಅಡಿಕೆ ಸುಲಿಯುವವರ ನಡುವೆ ಭದ್ರಾವತಿ ಆಕಾಶವಾಣಿ ಹಾಡುತ್ತಿರುತ್ತದೆ. ನನಗೆ ಎರಡೂ ಬೇಕು.

ಸಿಗದಿರುವುದು ನಮ್ಮದೇ ನೆಲದ ಒಳ್ಳೆಯ ಸಿನಿಮಾ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಹುಟ್ಟಿದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಅತ್ಯುತ್ತಮ ಚಿತ್ರಕ್ಕೆ ನೀಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದದ್ದು, ಅದರ ಜೀರ್ಣೋದ್ಧಾರಗೊಂಡ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡದ್ದು ನಮಗೆ ಸುದ್ದಿಯಾಗಿ ಮಾತ್ರ ಗೊತ್ತು. ಅದನ್ನು ದೊಡ್ಡ ಪರದೆಯಲ್ಲಿ ನೋಡಿದ ಸಹಪಾಠಿ ಒಬ್ಬರೂ ನನಗೆ ಸಿಕ್ಕಿಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ನೀನಾಸಮ್ ರಂಗಸಂಸ್ಥೆ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿತ್ತು. ಅಂಥದ್ದು ಜಿಲ್ಲಾ ಕೇಂದ್ರಕ್ಕೆ ಅಸಾಧ್ಯವೆಂದರೆ ನಂಬುವುದು ಕಷ್ಟ.

ವಾರ್ತಾ ಇಲಾಖೆ ಮತ್ತು ನಗರದ ಕಾಲೇಜುಗಳು ಕೂಡಿ ಕುವೆಂಪು ರಂಗಮಂದಿರದಲ್ಲಿ ತಿಂಗಳಿಗೊಂದು ಶನಿವಾರವಾದರೂ ಇಂಥ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ತೋರಿಸಬೇಕು. ಪ್ರದರ್ಶನ ಮಧ್ಯಾಹ್ನವೇ ಇರಲಿ. ಸಂಜೆಯಾದರೆ ನಮ್ಮಂಥ ಹಳ್ಳಿಯವರಿಗೆ ಊರಿನ ಕೊನೆಯ ಬಸ್ ತಪ್ಪುತ್ತದೆ.

– ಪದವಿ ವಿದ್ಯಾರ್ಥಿನಿ, ಶಿವಮೊಗ್ಗ